ಎಚ್. ಆರ್. ಅಂದರೆ ಯಾರು? – ಜರ್ಮನಿಗೆ ಓದಲು ಹೊರಟ ನನ್ನ ಹತ್ತೊಂಬತ್ತು ತಿಂಗಳು

ಹೋದ ವಾರ ಜರ್ಮನಿಯಲ್ಲಿ ಇರಲು ಅನುಮತಿ ಕೊಡುವ ರೆಸಿಡೆನ್ಸ್ ಕಾರ್ಡ್ ಕೈಗೆ ಬಂತು. ಮೊದಲ ಅರ್ಜಿ ತುಂಬಿದ್ದು 2024ರ ಆಗಸ್ಟ್‌ನಲ್ಲಿ, ಕೊನೆಯ ಸಹಿ ಹಾಕಿದ್ದು 2026ರ ಮಾರ್ಚ್‌ನಲ್ಲಿ. ಈ ಹತ್ತೊಂಬತ್ತು ತಿಂಗಳಲ್ಲಿ ಓದಿದ್ದಕ್ಕಿಂತ ಝೆರಾಕ್ಸ್ ಮಾಡಿಸಿದ್ದೇ ಜಾಸ್ತಿ. ಈಗ ಹೊರಡಲು ತಯಾರಾಗುತ್ತಿರುವ ನಾಲ್ಕೈದು ಜನ ಜೂನಿಯರ್‌ಗಳು ದಿನಾ ಮೆಸೇಜ್ ಮಾಡುತ್ತಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ನಾನು ಅರಸೀಕೆರೆ ತಾಲ್ಲೂಕಿನವಳು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಪೀಣ್ಯದಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಈಗ ಪೂರ್ವ ಜರ್ಮನಿಯ ಸ್ಯಾಕ್ಸನಿ ರಾಜ್ಯದ ಒಂದು ಊರಿನಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ.

ಮೊದಲು ಹೆಸರಿನ ವಿಷಯ ಹೇಳಬೇಕು. ಇದನ್ನು ಯಾವ ಯೂಟ್ಯೂಬ್ ವಿಡಿಯೋದಲ್ಲೂ ಯಾರೂ ನನಗೆ ಹೇಳಲಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಾದ ಮೇಲೆ ಎಚ್. ಆರ್. ಅಂತಿದೆ. ಎಚ್ ಅಂದರೆ ನಮ್ಮೂರು, ಆರ್ ಅಂದರೆ ಅಪ್ಪ. ಪಿಯುಸಿಯಲ್ಲಿ ಅದೇ ಎರಡಕ್ಷರ ಹೆಸರಿಗಿಂತ ಮೊದಲು ಬಂದಿದೆ. ಇಂಜಿನಿಯರಿಂಗ್ ಅಂಕಪಟ್ಟಿಯಲ್ಲಿ ಚುಕ್ಕಿಗಳಿಲ್ಲ. ಆಧಾರ್‌ನಲ್ಲಿ ಬರೀ ಆರ್. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಹಾಗಾಗಿ ಸರ್‌ನೇಮ್ ಜಾಗದಲ್ಲಿ ಊರಿನ ಹೆಸರು, ಅದರ ಪಕ್ಕ ಅಪ್ಪನ ಹೆಸರು ಕೂತಿವೆ. ಒಬ್ಬಳೇ ಹುಡುಗಿ, ಐದು ಹೆಸರು.

ಹಾಸನದ ಕೋರ್ಟ್ ಹತ್ತಿರ ನೋಟರಿ ಒಬ್ಬರ ಬಳಿ 'ಇವೆಲ್ಲ ಹೆಸರೂ ನನ್ನವೇ' ಅಂತ ಇಂಗ್ಲಿಷ್‌ನಲ್ಲಿ ಅಫಿಡವಿಟ್ ಮಾಡಿಸಿದೆ. ಅವರು ಪಟ್ಟಿ ನೋಡಿ, "ಏನಮ್ಮಾ, ಸಾಲ ತಗೊಂಡು ಓಡಿಹೋಗೋರ ಥರ ಇದೆಯಲ್ಲ" ಅಂದರು. ಒಂದಲ್ಲ, ಮೂರು ಒರಿಜಿನಲ್ ಮಾಡಿಸಿಟ್ಟುಕೊಳ್ಳಿ. ನಾನು ಒಂದೇ ಮಾಡಿಸಿದ್ದೆ, ಅದು ಬ್ಯಾಂಕಿನ ಫೈಲಿಗೆ ಸೇರಿಹೋಯಿತು. ಮತ್ತೆ ಹಾಸನಕ್ಕೆ ಓಡಬೇಕಾಯಿತು.

ಭಾರತದಲ್ಲಿ ಡಿಗ್ರಿ ಮಾಡಿ ಜರ್ಮನಿಗೆ ಹೋಗುವವರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ. ನಿಮ್ಮ ಅಂಕಪಟ್ಟಿಗಳು ಅಸಲಿ ಅಂತ ದೆಹಲಿಯಿಂದ ಕೊಡುವ ಕಾಗದ ಅದು. ಫೀಸು 18,000 ರೂಪಾಯಿ. ಹತ್ತನೇ ಕ್ಲಾಸಿನಿಂದ ಹಿಡಿದು ಎಲ್ಲ ಅಂಕಪಟ್ಟಿಗಳೂ ಬೇಕು. ನನಗೆ ಆರು ವಾರ ಹಿಡಿಯಿತು. ನನ್ನ ಜೊತೆ ಕಳಿಸಿದ ಸ್ನೇಹಿತೆಗೆ ಮೂರೇ ವಾರ. ಯಾಕೆ ಅಂತ ಯೋಚಿಸುತ್ತಾ ಕೂರಬೇಡಿ. ಆ ಸಮಯದಲ್ಲಿ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆದುಬಿಡಿ.

ಇನ್ನೊಂದು ಕಾಗದ ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರ್‌ಗಳ ಅಂಕ ಒಟ್ಟಿಗೆ ಇರುವ ಪಟ್ಟಿ. ಅದರಲ್ಲಿ ಪಾಸಾಗಲು ಬೇಕಾದ ಕನಿಷ್ಠ ಗ್ರೇಡ್ ಎಷ್ಟು ಅಂತ ಸ್ಪಷ್ಟವಾಗಿ ಇರಬೇಕು. ಯಾಕೆಂದರೆ ಜರ್ಮನ್ನರು ನಮ್ಮ ಸಿಜಿಪಿಎಯನ್ನು, ಅಂದರೆ ಸರಾಸರಿ ಗ್ರೇಡನ್ನು, ಅವರ ಲೆಕ್ಕಕ್ಕೆ ತಿರುಗಿಸುತ್ತಾರೆ. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಜಸ್ಟ್ ಪಾಸ್. ಲೆಕ್ಕ ಹೀಗೆ: ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಕನಿಷ್ಠದ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ನನ್ನದು ಹತ್ತಕ್ಕೆ 8.2. ಕನಿಷ್ಠ 5 ಅಂತ ಹಿಡಿದರೆ 2.08 ಬರುತ್ತದೆ, 4 ಅಂತ ಹಿಡಿದರೆ 1.9. ಕೆಲವು ಕೋರ್ಸುಗಳಿಗೆ ಇಷ್ಟು ವ್ಯತ್ಯಾಸವೇ ಸಾಕು. ನನ್ನ ಮೊದಲ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಈ ಸಾಲೇ ಇರಲಿಲ್ಲ. ಕೌಂಟರ್‌ನಲ್ಲಿದ್ದವರು, "ಇಲ್ಲಿವರೆಗೂ ಯಾರೂ ಕೇಳಿಲ್ಲ ಮೇಡಂ" ಅಂದರು. ಮತ್ತೆ ಐದು ವಾರ.

ಕನ್ಸಲ್ಟೆನ್ಸಿ ಬಗ್ಗೆ ಎರಡು ಮಾತು. ಬೆಂಗಳೂರಿನಲ್ಲಿ ಒಂದು ಕಡೆ ಹೋಗಿದ್ದೆ. ಫ್ರೀ ಅಂದರು, ಕಾಫಿ ಕೊಟ್ಟರು, ಆಮೇಲೆ ತೋರಿಸಿದ್ದೆಲ್ಲ ಲಕ್ಷಗಟ್ಟಲೆ ಫೀಸಿನ ಖಾಸಗಿ ಯೂನಿವರ್ಸಿಟಿಗಳೇ. ಜರ್ಮನಿಯ ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀಸೇ ಇಲ್ಲ, ಸೆಮಿಸ್ಟರ್‌ಗೆ ಒಂದಿಷ್ಟು ನೂರು ಯೂರೋ ಕಟ್ಟಿದರೆ ಆಯಿತು. ಹೊರಗಿನ ದೇಶದವರಿಂದ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತಾರೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ ಕೂಡ 2024ರಿಂದ ಫೀಸು ಶುರುಮಾಡಿದೆ. ಹೊರಗಿನ ವಿದ್ಯಾರ್ಥಿಗಳಿಗೆ ಮಾಹಿತಿ ಕೊಡುವ ಜರ್ಮನ್ ಸಂಸ್ಥೆ ಡಿಎಎಡಿಯ ವೆಬ್‌ಸೈಟಿನಲ್ಲಿ ಕೂತು ಹುಡುಕಿದರೆ ಇದೆಲ್ಲ ನಮಗೇ ಸಿಗುತ್ತದೆ. ನಾನು ಆರು ಕಡೆ ಅರ್ಜಿ ಹಾಕಿದೆ. ನಾಲ್ಕು ಯೂನಿ-ಅಸಿಸ್ಟ್ ಮೂಲಕ, ಅದು ಹಲವು ಯೂನಿವರ್ಸಿಟಿಗಳ ಪರವಾಗಿ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ: ಮೊದಲನೆಯದಕ್ಕೆ 75 ಯೂರೋ, ಉಳಿದವಕ್ಕೆ ತಲಾ 30. ನಾಲ್ಕು ಕಡೆ ಇಲ್ಲ ಅಂದರು, ಒಂದು ಕಡೆಯಿಂದ ಇವತ್ತಿಗೂ ಉತ್ತರ ಬಂದಿಲ್ಲ, ಒಂದು ಕಡೆ ಸಿಕ್ಕಿತು. ಅದು ಬಂದಿದ್ದು 2025ರ ಜೂನ್ ಎರಡನೇ ವಾರ, ರಾತ್ರಿ ಹನ್ನೊಂದಕ್ಕೆ. ಪಿಜಿಯಲ್ಲಿ ಎಲ್ಲರೂ ಮಲಗಿದ್ದರು. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅಮ್ಮನಿಗೆ ಫೋನ್ ಮಾಡಿದೆ.

ಅಸಲಿ ಕಷ್ಟ ಆಮೇಲೆ ಶುರುವಾಯಿತು. ದುಡ್ಡು.

ವೀಸಾಗೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಇಡಬೇಕು: 11,904 ಯೂರೋ. ಆಗ ಒಂದು ಯೂರೋಗೆ ನೂರು ರೂಪಾಯಿಯ ಆಸುಪಾಸು, ಅಂದರೆ ಹನ್ನೆರಡು ಲಕ್ಷ. ಅಲ್ಲಿಗೆ ಹೋದ ಮೇಲೆ ಅದನ್ನೇ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ವಾಪಸ್ ಕೊಡುತ್ತಾರೆ. ಅಪ್ಪನಿಗೆ ಇದು ಅರ್ಥವಾಗಲು ಎರಡು ದಿನ ಹಿಡಿಯಿತು. "ನಮ್ ದುಡ್ಡನ್ನ ನಮಗೇ ಸಂಬಳದಂಗೆ ಕೊಡ್ತಾರಾ? ಅದಕ್ಕೆ ನಾವ್ಯಾಕೆ ಅಲ್ಲಿಗೋಗಬೇಕು, ನಾನೇ ಕೊಡ್ತೀನಿ ಬಿಡು" ಅಂದರು.

ಏಳೂವರೆ ಲಕ್ಷದವರೆಗೆ ಸರ್ಕಾರಿ ಬ್ಯಾಂಕುಗಳು ಅಡಮಾನ ಇಲ್ಲದೆ ಎಜುಕೇಷನ್ ಲೋನ್ ಕೊಡುತ್ತವೆ. ಅದಕ್ಕಿಂತ ಜಾಸ್ತಿ ಬೇಕಾದರೆ ಸಾಮಾನ್ಯವಾಗಿ ಆಸ್ತಿ ತೋರಿಸಬೇಕು. ನಮಗಿರುವುದು ಎರಡೆಕರೆ ತೆಂಗಿನ ತೋಟ ಮತ್ತು ಊರಿನ ಮನೆ. ಕೃಷಿ ಜಮೀನು ಬೇಡ ಅಂದರು. ಅಪ್ಪ ಬ್ಯಾಂಕಿನ ಮೆಟ್ಟಿಲ ಮೇಲೇ ನಿಂತು, "ನಲವತ್ತು ವರ್ಷ ಮನೆಮಂದಿನೆಲ್ಲಾ ಸಾಕಿರೋ ತೋಟ, ಇವರಿಗೆ ಬೇಡವಂತೆ" ಅಂದರು. ಮನೆಗೆ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9, ನಮೂನೆ 11 ಬೇಕಿತ್ತು. ಪಂಚಾಯಿತಿಯಲ್ಲಿ ಅಳತೆಯೇ ತಾಳೆಯಾಗಲಿಲ್ಲ, ತಾತನ ಕಾಲದ ಹಿತ್ತಿಲು ಯಾರ ಹೆಸರಿಗೂ ಇರಲಿಲ್ಲ. ಅದನ್ನು ಸರಿಮಾಡಿಸುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತಿತ್ತು.

ಕೊನೆಗೆ ಚಿಕ್ಕಪ್ಪನ ಹಾಸನದ ಸೈಟು ಇಟ್ಟೆವು. ಕೇಳಲು ಅಪ್ಪನ ಜೊತೆ ನಾನೂ ಹೋಗಿದ್ದೆ. ಚಿಕ್ಕಪ್ಪ ತಕ್ಷಣ ಆಯ್ತು ಅಂದರು. ಚಿಕ್ಕಮ್ಮ ಒಂದು ಮಾತೂ ಆಡಲಿಲ್ಲ, ಕಾಫಿ ಲೋಟ ಇಟ್ಟು ಒಳಗೆ ಹೋದರು. ಅವರ ಮಗನೂ ಈ ವರ್ಷ ಪಿಯುಸಿ. ಆ ಲೋಟ ಇಟ್ಟ ಸದ್ದು ನನಗೆ ಇನ್ನೂ ಕೇಳಿಸುತ್ತದೆ.

ಸೈಟಿನ ಕಾಗದಗಳು: ಮೂಲಪತ್ರ, ಖಾತೆ, ಕಂದಾಯ ಕಟ್ಟಿದ ರಸೀದಿ, 30 ವರ್ಷದ ಇಸಿ (ಆಸ್ತಿಯ ಮೇಲೆ ಸಾಲ, ಮಾರಾಟ ಏನೇನಿದೆ ಅಂತ ತೋರಿಸುವ ಋಣಭಾರ ಪತ್ರ). 2004ರ ಈಚಿನ ಇಸಿ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪುಸ್ತಕ ತೆಗೆಸಿ ಹುಡುಕಿಸಬೇಕು. ಬ್ಯಾಂಕಿನ ವಕೀಲರು, ಬೆಲೆ ಕಟ್ಟುವ ಇಂಜಿನಿಯರ್ ಇಬ್ಬರ ಫೀಸೂ ನಮ್ಮದೇ, ಎಲ್ಲ ಸೇರಿ ಹನ್ನೊಂದು ಸಾವಿರ ಆಯಿತು. ನನ್ನ ಸಲಹೆ ಇಷ್ಟೇ: ಅಡ್ಮಿಷನ್ ಬರಲಿ ಆಮೇಲೆ ನೋಡೋಣ ಅನ್ನಬೇಡಿ. ಅರ್ಜಿ ಹಾಕುವಾಗಲೇ ಆಸ್ತಿ ಕಾಗದ ಸರಿಮಾಡಿಸಲು ಶುರುಮಾಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶದಲ್ಲಿ ಓದಲು ನೆರವು ಕೊಡುವ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ, ಅದನ್ನು ಮೊದಲು ವಿಚಾರಿಸಿ.

ಲೋನ್ ಆಯಿತು. ದುಡ್ಡು ಕಳಿಸುವ ದಿನ ನಮ್ಮ ಬ್ರಾಂಚಿನವರು ಕಳಿಸುವವಳ ಹೆಸರಿನ ಜಾಗದಲ್ಲಿ ಖಾತೆಯಲ್ಲಿದ್ದಂತೆ ಎಚ್. ಆರ್. ಅಂತಲೇ ಹಾಕಿದರು. ಬ್ಲಾಕ್ಡ್ ಅಕೌಂಟ್ ಇರುವುದು ಪಾಸ್‌ಪೋರ್ಟ್ ಹೆಸರಿನಲ್ಲಿ. ಹನ್ನೆರಡು ಲಕ್ಷ ಒಂಬತ್ತು ದಿನ ಎಲ್ಲೋ ಮಧ್ಯದಲ್ಲಿ ನಿಂತಿತು. ಅಪ್ಪ ದಿನಾ ಬೆಳಗ್ಗೆ, "ಬಂತಾ?" ಅಂತ ಒಂದೇ ಪದ ಕೇಳುತ್ತಿದ್ದರು. ಎರಡನೇ ಅಫಿಡವಿಟ್ ಸ್ಕ್ಯಾನ್ ಮಾಡಿ ಕಳಿಸಿದ ಮೇಲೆ ಹತ್ತನೇ ದಿನ ಜಮಾ ಆಯಿತು. ಸಾಲದ ಅರ್ಜಿಗೂ ಮೊದಲೇ ಬ್ಯಾಂಕ್ ಖಾತೆಯ ಹೆಸರನ್ನು ಪಾಸ್‌ಪೋರ್ಟಿಗೆ ಹೊಂದಿಸಿಕೊಳ್ಳಿ, ದಯವಿಟ್ಟು. ಇನ್ನೊಂದು: ಸ್ವಂತ ದುಡ್ಡು ಕಳಿಸುವವರಿಗೆ ನಾನು ಕಳಿಸಿದ ವರ್ಷ ಹತ್ತು ಲಕ್ಷ ದಾಟಿದ ಮೊತ್ತಕ್ಕೆ ಶೇ 5 ಟಿಸಿಎಸ್ (ಬ್ಯಾಂಕು ಮೊದಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಿದ್ದರು, ಬ್ಯಾಂಕ್ ಲೋನ್‌ಗೆ ಇರಲಿಲ್ಲ. ಹಿಡಿದಿದ್ದನ್ನು ಐಟಿ ರಿಟರ್ನ್ಸ್‌ನಲ್ಲಿ ವಾಪಸ್ ಕೇಳಬಹುದು. ಬಜೆಟ್ ಬಂದಾಗಲೆಲ್ಲ ಇದು ಬದಲಾಗುತ್ತಿರುತ್ತದೆ, ನಿಮ್ಮ ವರ್ಷದ್ದನ್ನು ಕೇಳಿಕೊಳ್ಳಿ.

ವೀಸಾ ಅರ್ಜಿಯ ಬೆರಳಚ್ಚು ಕೊಡಲು ಜುಲೈ 21ರಂದು ಬೆಂಗಳೂರಿಗೆ ಹೋದೆ. ಫೀಸು 75 ಯೂರೋ, ರೂಪಾಯಿಯಲ್ಲಿ ಕಟ್ಟಬೇಕು. ಹತ್ತು ನಿಮಿಷದ ಕೆಲಸ, ಎಂಟು ವಾರದ ಕಾಯುವಿಕೆ. ಮೊದಲೆಲ್ಲ ವೀಸಾ ಕೊಡದಿದ್ದರೆ ಕಾನ್ಸುಲೇಟಿಗೇ ಇನ್ನೊಮ್ಮೆ ನೋಡಿ ಅಂತ ಬರೆಯಬಹುದಿತ್ತು. 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲ ಕೋರ್ಟಿಗೆ ಹೋಗಬೇಕು. ಇದು ಗೊತ್ತಾದ ಮೇಲೆ ನಿದ್ದೆ ಬರುತ್ತಿರಲಿಲ್ಲ. ನಾಗರಪಂಚಮಿ ಹೋಯಿತು, ವರಮಹಾಲಕ್ಷ್ಮಿ ಹೋಯಿತು, ಗೌರಿ ಗಣೇಶ ಹೋಯಿತು. ಕೆಲಸ ಬಿಟ್ಟಿದ್ದೆ. ಊರಲ್ಲಿ ಸಿಕ್ಕವರೆಲ್ಲ "ಇನ್ನೂ ಹೋಗಿಲ್ವಾ?" ಅನ್ನುವವರೇ. ಅಂಗಡಿಗೆ ಹೋಗುವುದನ್ನೇ ಬಿಟ್ಟೆ.

ಸೆಪ್ಟೆಂಬರ್ 16ಕ್ಕೆ ಪಾಸ್‌ಪೋರ್ಟ್ ಬಂತು, ಒಳಗೆ ವೀಸಾ ಇತ್ತು. ಆಗ ಪಿತೃಪಕ್ಷ. ಅಜ್ಜಿ, "ಮಾಲಯ ಅಮಾಸೆ ಕಳೀಲಿ, ಆಮೇಲೆ ಟಿಕೇಟು" ಅಂತ ಹಟ ಹಿಡಿದರು. ಐದು ದಿನ ಕಾದಿದ್ದಕ್ಕೆ ಟಿಕೆಟ್ ಒಂಬತ್ತು ಸಾವಿರ ಏರಿತು. ಅಜ್ಜಿಗೆ ಇವತ್ತಿಗೂ ಹೇಳಿಲ್ಲ.

ಆಯುಧಪೂಜೆಯ ರಾತ್ರಿ ಊರು ಬಿಟ್ಟೆ, ವಿಜಯದಶಮಿಯ ಬೆಳಗ್ಗೆ ಫ್ರಾಂಕ್‌ಫರ್ಟ್. ಅಮ್ಮ ಕಾಸಿಕೊಟ್ಟ ತುಪ್ಪದ ಡಬ್ಬ ಏರ್‌ಪೋರ್ಟ್‌ಗೆ ಬಿಡಲು ಬಂದ ಚಿಕ್ಕಪ್ಪನ ಕಾರಿನಲ್ಲೇ ಉಳಿಯಿತು. ಹಾಲಿನ ಪದಾರ್ಥ, ಮಾಂಸ ಯಾವುದನ್ನೂ ಯುರೋಪಿನೊಳಗೆ ಲಗೇಜಿನಲ್ಲಿ ತರುವಂತಿಲ್ಲ. ಸಾರಿನ ಪುಡಿ, ಚಟ್ನಿಪುಡಿಗೆ ತೊಂದರೆಯಾಗಲಿಲ್ಲ. ಅಲ್ಲಿಂದ ರೈಲು ಹಿಡಿದು ಸಂಜೆ ನನ್ನ ಊರು ತಲುಪಿದೆ. ಮಾರನೇ ದಿನ ಅಕ್ಟೋಬರ್ 3, ಜರ್ಮನ್ ಏಕತಾ ದಿನ, ಪೂರ್ತಿ ರಜೆ. ಒಂದು ಅಂಗಡಿಯೂ ತೆಗೆದಿರಲಿಲ್ಲ. ಭಾನುವಾರವೂ ಹಾಗೇ ಎಲ್ಲ ಬಂದ್ ಅಂತ ಆಮೇಲೆ ಗೊತ್ತಾಯಿತು. ಮೊದಲ ದಿನದ ಊಟ ಚಕ್ಕುಲಿ, ನಲ್ಲಿ ನೀರು.

ಮೊದಲ ಎರಡು ವಾರ ದಾವಣಗೆರೆಯ ಸೀನಿಯರ್ ಒಬ್ಬರ ರೂಮಿನಲ್ಲಿ ನೆಲದ ಮೇಲೆ ಮಲಗಿದೆ. ಅವರಿಲ್ಲದಿದ್ದರೆ ಏನು ಮಾಡುತ್ತಿದ್ದೆನೋ. ಇಲ್ಲಿ ವಿಷಯ ಹೀಗಿದೆ: ಮನೆಗೆ ಬಂದು ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಒಂದು ಫಾರಂ ಬೇಕು. ಮಾಲೀಕರಿಗೆ ಮೊದಲು ಡೆಪಾಸಿಟ್ ಬೇಕು. ಡೆಪಾಸಿಟ್ ಕಳಿಸಲು ಇಲ್ಲಿನ ಬ್ಯಾಂಕ್ ಖಾತೆ ಬೇಕು. ನಾನು ಹೋದ ಬ್ಯಾಂಕಿಗೆ ಆನ್‌ಮೆಲ್ಡುಂಗ್ ಕಾಗದ ಬೇಕು. ಬ್ಲಾಕ್ಡ್ ಅಕೌಂಟಿನ ದುಡ್ಡು ಬಿಡಲು ಆ ಬ್ಯಾಂಕ್ ಖಾತೆ ಬೇಕು. ನಾನು ತಂದಿದ್ದ ನಗದು 700 ಯೂರೋ. ಅದರಲ್ಲಿ 580 ಡೆಪಾಸಿಟ್‌ಗೆ ಕೊಟ್ಟೆ, ಮಾಲೀಕರು ಪುಣ್ಯಾತ್ಮರು, ಕೈಯಲ್ಲೇ ತೆಗೆದುಕೊಂಡು ರಸೀದಿ ಬರೆದುಕೊಟ್ಟರು. ಎಲ್ಲರೂ ಹಾಗೆ ಒಪ್ಪುವುದಿಲ್ಲ, ಕಡಿಮೆಯೆಂದರೆ ಒಂದೂವರೆ ತಿಂಗಳ ಖರ್ಚು ಬೇರೆ ಯಾವುದಾದರೂ ದಾರಿಯಲ್ಲಿ ಕೈಯಲ್ಲಿರಲಿ. ಇಂಟರ್‌ನೆಟ್‌ನಲ್ಲಿ ಫೋಟೊ ತೋರಿಸಿ, ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀ ಪೋಸ್ಟ್ ಮಾಡುತ್ತೇನೆ ಅನ್ನುವವರು ಸಿಗುತ್ತಾರೆ. ನನಗೆ ಇಬ್ಬರು ಸಿಕ್ಕರು. ಹಾಕಬೇಡಿ. 'ರೂಮು ಕೊಡ್ತೀನಿ, ಆದ್ರೆ ಆನ್‌ಮೆಲ್ಡುಂಗ್ ಆಗಲ್ಲ' ಅನ್ನುವ ರೂಮೂ ಬೇಡ.

ಅಕ್ಟೋಬರ್ ಮಧ್ಯಕ್ಕೆ ಹಂಚಿಕೊಂಡ ಮನೆಯಲ್ಲಿ ಒಂದು ರೂಮು ಸಿಕ್ಕಿತು. ಜೊತೆಗೆ ಇಬ್ಬರು: ಒಬ್ಬಳು ಲೈಪ್‌ಜಿಗ್ ಕಡೆಯವಳು, ಒಬ್ಬಳು ವಿಯೆಟ್ನಾಂನವಳು. ಮೊದಲ ವಾರವೇ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಘಾಟು ಏಳುತ್ತಿದ್ದಂತೆ ಮೇಲಿದ್ದ ಹೊಗೆ ಅಲಾರಂ ಕಿರುಚಿಕೊಂಡಿತು. ಮೂವರೂ ಟವೆಲ್ ಹಿಡಿದು ಗಾಳಿ ಬೀಸಿದೆವು. ಈಗ ಕಿಟಕಿ ತೆಗೆದು, ಎಣ್ಣೆ ಕಾಯುವ ಮೊದಲೇ ಮೆಣಸಿನಕಾಯಿ ಹಾಕುತ್ತೇನೆ. ಅಮ್ಮನಿಗೆ ಹೇಳಿದರೆ ಅದು ಒಗ್ಗರಣೆಯೇ ಅಲ್ಲ ಅನ್ನುತ್ತಾಳೆ.

ಆನ್‌ಮೆಲ್ಡುಂಗ್ ಅಕ್ಟೋಬರ್ 24ಕ್ಕೆ ಆಯಿತು. ಜರ್ಮನಿಗೆ ಬಂದು ಎರಡು ವಾರ ದಾಟಿತ್ತು, ಅಪಾಯಿಂಟ್‌ಮೆಂಟ್ ಸಿಕ್ಕಿದ್ದೇ ಆಗ, ಯಾರೂ ಏನೂ ಅನ್ನಲಿಲ್ಲ. ಬ್ಯಾಂಕ್ ಖಾತೆಗೂ ಅರ್ಜಿ ಕೊಟ್ಟೆ. ಇನ್ನು ಎಲ್ಲವೂ ಪೋಸ್ಟಿನಲ್ಲಿ ಬರಬೇಕು. ಟ್ಯಾಕ್ಸ್ ನಂಬರ್ ಪೋಸ್ಟಿನಲ್ಲಿ, ಇನ್ಶೂರೆನ್ಸ್ ಕಾರ್ಡ್ ಪೋಸ್ಟಿನಲ್ಲಿ, ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದು ಲಕೋಟೆಯಲ್ಲಿ. ಕಂಪ್ಯೂಟರ್ ಕಂಡುಹಿಡಿಯದ ದೇಶಕ್ಕೆ ಬಂದೆನಾ ಅನ್ನಿಸಿತು.

ಒಂದು ವಾರ, ಎರಡು ವಾರ, ಮೂರು ವಾರ. ಏನೂ ಬರಲಿಲ್ಲ. ಸೀನಿಯರ್ ಹತ್ತಿರ 300 ಯೂರೋ ಸಾಲ ಮಾಡಿದೆ. ಕ್ಯಾಂಟೀನಿನಲ್ಲಿ ಎಲ್ಲರೂ ತಟ್ಟೆ ಹಿಡಿದು ಕೂತಾಗ ನಾನು ಡಬ್ಬಿ ತೆಗೆಯುತ್ತಿದ್ದೆ. ಪ್ಲಾಸ್ಟಿಕ್ ಬಾಟಲಿ ಅಂಗಡಿಯ ಯಂತ್ರಕ್ಕೆ ವಾಪಸ್ ಹಾಕಿದರೆ 25 ಸೆಂಟ್ ಬರುತ್ತದೆ, ಹಾಸ್ಟೆಲ್ ಪಾರ್ಟಿ ಮುಗಿದ ಮೇಲೆ ಒಂದು ಚೀಲ ತುಂಬಿಕೊಂಡು ಹೋಗಿದ್ದೇನೆ. ಕೊನೆಗೆ ಬ್ಯಾಂಕಿಗೆ ಹೋಗಿ ಕೇಳಿದರೆ, "ನಿಮ್ಮ ಕಾಗದ ಎರಡು ಸಲ ವಾಪಸ್ ಬಂದಿದೆ. ಆ ವಿಳಾಸದಲ್ಲಿ ನೀವಿಲ್ಲ" ಅಂದರು.

ಮನೆಗೆ ಬಂದು ಪೋಸ್ಟ್ ಡಬ್ಬದ ಮುಂದೆ ನಿಂತೆ. ಜರ್ಮನಿಯಲ್ಲಿ ಫ್ಲ್ಯಾಟ್ ನಂಬರ್ ಬರೆಯುವ ಪದ್ಧತಿ ಅಷ್ಟಾಗಿ ಇಲ್ಲ, ಡಬ್ಬದ ಮೇಲಿರುವ ಸರ್‌ನೇಮ್ ನೋಡಿ ಪೋಸ್ಟ್ ಹಾಕುತ್ತಾರೆ. ಡಬ್ಬದ ಮೇಲೆ ಅಂಗೈಯಷ್ಟು ಚೀಟಿಯಲ್ಲಿ ಮೂರು ಸಾಲು. ಮೊದಲೆರಡು ಅವರಿಬ್ಬರ ಸರ್‌ನೇಮ್. ಮೂರನೆಯದು ನಾನೇ ನೀಲಿ ಪೆನ್ನಿನಲ್ಲಿ ಚಂದವಾಗಿ ಬರೆದದ್ದು: ನನ್ನ ಹೆಸರು, ಅದರ ಪಕ್ಕ ಎಚ್. ಆರ್. ಹತ್ತನೇ ಕ್ಲಾಸಿನಿಂದ ಪುಸ್ತಕದ ಮೇಲೆ ಬರೆದು ಅಭ್ಯಾಸ, ಕೈ ತಾನಾಗಿಯೇ ಬರೆದಿತ್ತು. ಲೈಪ್‌ಜಿಗ್ ಹುಡುಗಿ ಹಿಂದೆ ನಿಂತು ಕೇಳಿದಳು, "ಈ ಎಚ್. ಆರ್. ಅಂದರೆ ಯಾರು? ಹಳೇ ಬಾಡಿಗೆಯವರು ಅಂದುಕೊಂಡಿದ್ದೆ."

ಅವತ್ತೇ ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಪೂರ್ತಿ ಪ್ರಿಂಟ್ ತೆಗೆದು ಅಂಟಿಸಿದೆ. ಚೀಟಿಗಿಂತ ಹೆಸರೇ ಉದ್ದ, ಅಕ್ಷರ ಸಣ್ಣದು ಮಾಡಬೇಕಾಯಿತು. ಬೆಲ್ಲಿನ ಪಕ್ಕವೂ ಅಂಟಿಸಿದೆ. ಆಮೇಲೆ ವಾರದೊಳಗೆ ಒಂದರ ಹಿಂದೆ ಒಂದು ಕಾಗದ ಬಂದವು. ನವೆಂಬರ್ ಕೊನೆಗೆ ಮೊದಲ 992 ಯೂರೋ ಕೈಗೆ ಬಂತು. ಅದರಲ್ಲಿ ಬಾಡಿಗೆ 290, ಇನ್ಶೂರೆನ್ಸ್‌ಗೆ 140 ಚಿಲ್ಲರೆ. ಡಬ್ಬ ಸರಿಯಾದ ಮೇಲೆ ಬೇಡದ ಕಾಗದಗಳೂ ಬಂದವು: ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. ಅದು ತಲೆಗಲ್ಲ, ಮನೆಗೆ ಒಂದೇ. ಜೊತೆಯವರು ಕಟ್ಟುತ್ತಿದ್ದರೆ ಅವರ ನಂಬರ್ ಬರೆದು ಕಳಿಸಿ, ನಿಮ್ಮ ಪಾಲು ಅವರಿಗೆ ಕೊಡಿ.

ಉಳಿದದ್ದು ರೆಸಿಡೆನ್ಸ್ ಪರ್ಮಿಟ್. ನನ್ನ ವೀಸಾ ಜನವರಿ ಮಧ್ಯಕ್ಕೆ ಮುಗಿಯುತ್ತಿತ್ತು. ನವೆಂಬರ್‌ನಲ್ಲೇ ಅರ್ಜಿ ಕಳಿಸಿದೆ, ಅಪಾಯಿಂಟ್‌ಮೆಂಟ್ ಕೊಟ್ಟಿದ್ದು ಜನವರಿ 29ಕ್ಕೆ. ಗಾಬರಿ ಬೇಡ. ವೀಸಾ ಮುಗಿಯುವ ಮೊದಲೇ ಅರ್ಜಿ ಸೇರಿದ್ದರೆ ಇಲ್ಲಿರುವುದು ಕಾನೂನುಬದ್ಧವೇ. ಅದಕ್ಕೆ ಸಾಕ್ಷಿಯಾಗಿ 13 ಯೂರೋಗೆ ಒಂದು ಮಡಿಸಿದ ಕಾಗದ ಕೊಡುತ್ತಾರೆ, ಹುಡುಗರೆಲ್ಲ ಅದಕ್ಕೆ 'ಫಿಕ್ಷನ್ ಪೇಪರ್' ಅನ್ನುತ್ತಾರೆ. ಅರ್ಜಿ ಕಳಿಸಿದ ಇಮೇಲ್ ಮಾತ್ರ ಜೋಪಾನ.

ಹಾಸನದ ಸ್ಟುಡಿಯೋದಲ್ಲಿ ಜರ್ಮನ್ ಅಳತೆಯೇ ಬೇಕು ಅಂತ ಹೇಳಿ ಹದಿನಾರು ಫೋಟೊ ತೆಗೆಸಿ ತಂದಿದ್ದೆ. ಅಪಾಯಿಂಟ್‌ಮೆಂಟ್ ದಿನ ಕೌಂಟರ್‌ನಲ್ಲಿ ಇಟ್ಟರೆ ಅಲ್ಲಿದ್ದಾಕೆ ಮುಟ್ಟಲೂ ಇಲ್ಲ. 2025ರ ಮೇ ತಿಂಗಳಿಂದ ಇಲ್ಲಿ ಪ್ರಿಂಟ್ ಫೋಟೊ ನಡೆಯುವುದಿಲ್ಲ, ಡಿಜಿಟಲ್ ಮಾತ್ರ. ಮೂಲೆಯಲ್ಲಿದ್ದ ಯಂತ್ರದ ಮುಂದೆ ನಿಂತು 6 ಯೂರೋಗೆ ತೆಗೆಸಿಕೊಂಡೆ. ಕಾರ್ಡಿಗೆ 100 ಯೂರೋ. ಆಕೆ ಪಾಸ್‌ಪೋರ್ಟ್ ನೋಡಿ, 'ಫ್ರೌ' (ನಮ್ಮ 'ಮೇಡಂ' ಥರ) ಅಂದು ಅಪ್ಪನ ಹೆಸರನ್ನು ನಿಧಾನವಾಗಿ, ತಡವರಿಸುತ್ತಾ, ಪೂರ್ತಿಯಾಗಿ ಕರೆದರು. ಕ್ಲಾಸಿನಲ್ಲೂ ಪ್ರೊಫೆಸರ್ ಹಾಗೇ ಕರೆಯುತ್ತಾರೆ. ಮೊದಮೊದಲು ಯಾರನ್ನೋ ಕರೆದಂತೆ ಅನ್ನಿಸಿ ಕೈಯೇ ಎತ್ತುತ್ತಿರಲಿಲ್ಲ. ನಮ್ಮೂರಲ್ಲಿ ಅಪ್ಪನನ್ನೇ ಯಾರೂ ಪೂರ್ತಿ ಹೆಸರು ಹಿಡಿದು ಕರೆಯುವುದಿಲ್ಲ.

ಐದು ವಾರದ ಮೇಲೆ ಕಾರ್ಡ್ ಬಂತು. ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಂದು ನೋಡಿದರು. "ನನ್ ಹೆಸರು ಸರಿಯಾಗಿ ಬರದವ್ರಾ ನೋಡು ಮೊದ್ಲು" ಅಂದರು. ನೋಡಿದೆ, ಸರಿಯಾಗಿಯೇ ಇದೆ.

ಚಿಕ್ಕಮ್ಮನ ಮಗ ಸಿಇಟಿ ಬರೆಯುತ್ತಿದ್ದಾನೆ. ಪಾಸ್‌ಪೋರ್ಟ್ ಮಾಡಿಸುವಾಗ ನನಗೊಂದು ಫೋನ್ ಮಾಡು ಅಂತ ಅವನಿಗೆ ಹೇಳಿಟ್ಟಿದ್ದೇನೆ.